ಅಂಕಲ್‌ನ ಕಳಿಸಿ ಆಂಟಿ

“ಎಲ್ಲಾ ಹೋಗಿದೆ ಆಂಟಿ. ಫಾರ್ಮ್ಯಾಟ್ ಹೊಡೀಬೇಕು. ಮನೇಲಿ ಅಂಕಲ್ ಇದ್ರೆ ಕಳಿಸಿ, ಅವರಿಗೆ ಹೇಳ್ತೀನಿ.”

ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗ ಹೀಗೆಂದಾಗ ನನಗೆ ಮೊದಲು ಬಂದದ್ದು ಅಳು, ಆಮೇಲೆ ಸಿಟ್ಟು. ನಮ್ಮನೆಯ ಅಂಕಲ್ ಒಳ್ಳೆಯವರೇ. ಆದರೆ ಅವರ ಪಾಲಿಗೆ ಕಂಪ್ಯೂಟರೆಂದರೆ ಟಿವಿ ಪಕ್ಕ ಧೂಳು ಹಿಡಿಯುವ ಇನ್ನೊಂದು ಪೆಟ್ಟಿಗೆ. ಹದಿಮೂರು ವರ್ಷದಿಂದ ಅದನ್ನು ಒರೆಸಿದವಳು, ಬಳಸಿದವಳು, ಅದರಲ್ಲಿ ಮಹಿಳಾ ಸಮಾಜದ ಲೆಕ್ಕ ಬರೆದವಳು ನಾನು. ರೋಗಿ ನನ್ನವನು, ವೈದ್ಯರು ಮಾತಾಡುವುದು ಮಾತ್ರ ಅವರ ಜೊತೆ!

ಆ ಯಂತ್ರದಲ್ಲಿ ಎರಡು ಸಂಸಾರ. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್. “ಒಂದು ಸಾಲದೇ?” ಎನ್ನುತ್ತೀರಾ? ಹಿಂದೆ ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಸಮಾಜದ ಕಡತಗಳೆಲ್ಲ ವಿಂಡೋಸಿನಲ್ಲಿವೆ. ಆ ಅಕ್ಷರಗಳಿಲ್ಲದೆ ತೆರೆದರೆ ಕನ್ನಡ ಹೋಗಿ ಏನೇನೋ ಚಿಹ್ನೆಗಳು ಕುಣಿಯುತ್ತವೆ. ಆದರೆ ಮುದಿ ಯಂತ್ರಕ್ಕೆ ವಿಂಡೋಸ್ ಭಾರವಾಗುತ್ತ ಬಂತು. ಅಕ್ಕನ ಮಗ ಬಂದವನು ಪಕ್ಕದಲ್ಲೇ ಲಿನಕ್ಸ್ ಹಾಕಿಕೊಟ್ಟ. ಅಲ್ಲಿಂದ ನನ್ನ ನಿತ್ಯದ ಬಿಡಾರ ಅದರಲ್ಲೇ. ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ ಅವಳಿಂದ ಹಾಡಿಸಿ ಧ್ವನಿ ಹಿಡಿದಿಟ್ಟ 41 ಸೋಬಾನೆ ಹಾಡುಗಳೂ ಅದರಲ್ಲೇ. ಇನ್ನೊಂದು ಪ್ರತಿ ತೆಗೆದಿಟ್ಟಿರಲಿಲ್ಲ. ಬೈಯಿರಿ, ಬೈಸಿಕೊಳ್ಳುತ್ತೇನೆ.

ಆದದ್ದಿಷ್ಟು. ವಿಂಡೋಸ್ ಏಳದೆ ಹಟ ಹಿಡಿದಾಗ ಅಂಗಡಿಗೆ ಕೊಟ್ಟೆ. ಹುಡುಗ ಅದನ್ನು ಹೊಸದಾಗಿ ಹಾಕಿದ. ಯಂತ್ರ ಮನೆಗೆ ಬಂದಾಗ, ಆನ್ ಮಾಡುತ್ತಲೇ “ಯಾವುದು ಬೇಕು?” ಎಂದು ಕೇಳುತ್ತಿದ್ದ ಆ ಕಪ್ಪು ಪರದೆಯೇ ಇಲ್ಲ. ಸೀದಾ ವಿಂಡೋಸಿಗೆ ನುಗ್ಗುತ್ತದೆ. ಮತ್ತೆ ಅಂಗಡಿಗೆ ಓಡಿದೆ. ಆಗ ಬಂದದ್ದೇ ಮೇಲಿನ ಮಾತು. ಲಿನಕ್ಸಿನ ಜಾಗವನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ತನಗೆ ಓದಲು ಬಾರದ್ದನ್ನೆಲ್ಲ ಕೆಟ್ಟಿದೆ ಎಂದುಬಿಡುವುದು! ಮೋಡಿ ಅಕ್ಷರದ ದಸ್ತಾವೇಜನ್ನು ಯಾರಿಗೂ ಓದಲು ಬರುವುದಿಲ್ಲವೆಂದು ಒಲೆಗೆ ಹಾಕುತ್ತೇವೆಯೇ?

ನಿಜವಾಗಿ ಹೋಗಿದ್ದು ಏನು ಗೊತ್ತೇ? ಪಾಲಾದ ದೊಡ್ಡ ಮನೆಗಳನ್ನು ನೀವೂ ನೋಡಿದ್ದೀರಿ. ಒಳಗೆ ಎರಡು ಒಲೆ, ಹೊರಗೆ ಒಂದೇ ಹೆಬ್ಬಾಗಿಲು. ನಮ್ಮ ಕಂಪ್ಯೂಟರಿನ ಹೆಬ್ಬಾಗಿಲಲ್ಲಿ ಕೂತು, ಬಂದವರಿಗೆ ದಾರಿ ತೋರಿಸುವವನ ಹೆಸರು ಗ್ರಬ್. ನನ್ನದರಂಥ ಹಳೆಯ ಯಂತ್ರಗಳಲ್ಲಿ ಅವನಿಗೆ ಹಾರ್ಡ್‌ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ ಜಗಲಿ. ಅದರಲ್ಲೂ 64 ಬೈಟ್ ಪಾಲುಪಟ್ಟಿಗೆ, 2 ಕೊನೆಯ ಗುರುತಿಗೆ. ಅವನ ಪಾಲಿಗೆ 446. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಂದರೆ 446ರಲ್ಲಿ 150 ಚಿಹ್ನೆಯೂ ಹಿಡಿಸದು; ಒಂದು ಕಾರ್ಡಿನ ಕ್ಷೇಮಸಮಾಚಾರಕ್ಕೂ ಸಾಲದು. ವಿಂಡೋಸನ್ನು ಮತ್ತೆ ಹಾಕುವಾಗ ಅದು ಯಾರನ್ನೂ ಕೇಳದೆ ಈ ಜಗಲಿಯ ಮೇಲೆ ತನ್ನವನನ್ನು ಕೂರಿಸುತ್ತದೆ. ಅವನಿಗೆ ಪಕ್ಕದ ಸಂಸಾರದ ಪರಿಚಯವಿಲ್ಲ. ಒಳಗೆ ಪಾತ್ರೆ ಪಡಗ, ಅಮ್ಮನ ಹಾಡು, ಎಲ್ಲ ಇಟ್ಟಲ್ಲೇ ಇದೆ. ಇಷ್ಟಕ್ಕೆ ಮನೆಯನ್ನೇ ಕೆಡವಬೇಕೆಂದು ಆ ಹುಡುಗ ಹೇಳಿದ್ದು.

ಅಕ್ಕನ ಮಗ ಕೆಲಸದ ಗಡಿಬಿಡಿಯಲ್ಲಿದ್ದ. ಫೋನಿನಲ್ಲಿ ಹೇಳಿದ್ದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ. ಎದುರು ಮನೆಯ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿಸಿದೆವು. ನನ್ನ ಯಂತ್ರ ಆನ್ ಮಾಡುತ್ತಲೇ ಎಫ್12 ಒತ್ತಿ, ಪೆನ್‌ಡ್ರೈವಿನಿಂದ ಏಳಿಸಿದೆ. ಕೆಲವು ಕಂಪನಿಗಳದ್ದರಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್. ಅಲ್ಲಿ ‘ಟ್ರೈ’ ಆರಿಸಬೇಕು. ‘ಇನ್‌ಸ್ಟಾಲ್’ ಒತ್ತಿದಿರೋ, ಅಂಗಡಿಯವನ ಕೆಲಸ ನಾವೇ ಮಾಡಿದಂತೆ. ಹಳೆಯ ಲಿನಕ್ಸಿನ ಜಾಗ ತೆರೆದೆ. 41 ಹಾಡೂ ಇದ್ದವು. ಒಂದನ್ನು ಒತ್ತಿದೆ. ಹಾಡಿಗೆ ಮುಂಚೆ ಅಮ್ಮ ಕೆಮ್ಮಿ, “ಶುರು ಮಾಡ್ಲಾ?” ಎಂದು ಕೇಳಿದಳು. ಸ್ವಲ್ಪ ಹೊತ್ತು ನನಗೆ ಏನೂ ಮಾಡಲಾಗಲಿಲ್ಲ.

ಮೊದಲು ಹಾಡುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. ಆಮೇಲೆ ಟರ್ಮಿನಲ್ಲಿನಲ್ಲಿ ಲಿನಕ್ಸಿನ ಪಾಲನ್ನು ‘ಮೌಂಟ್’ ಮಾಡಿ, ‘ಗ್ರಬ್-ಇನ್‌ಸ್ಟಾಲ್’ ಆಜ್ಞೆ ಕೊಟ್ಟೆ. ಎಡವುವುದು ಇಲ್ಲೇ: ಕೊನೆಯಲ್ಲಿ ಇಡೀ ಡಿಸ್ಕಿನ ಹೆಸರು ಕೊಡಬೇಕು, ಅದರ ಒಂದು ಪಾಲಿನದ್ದಲ್ಲ. ಯಾವುದು ಡಿಸ್ಕು, ಯಾವುದು ಪೆನ್‌ಡ್ರೈವು ಎಂದು ಎರಡು ಸಲ ನೋಡಿಕೊಳ್ಳಿ. ಪುನಃ ಆನ್ ಮಾಡಿದಾಗ ಕಪ್ಪು ಪರದೆ ಬಂತು. ಲಿನಕ್ಸಿನ ಒಳಗೆ ಹೋಗಿ ‘ಅಪ್‌ಡೇಟ್-ಗ್ರಬ್’ ಕೊಟ್ಟಮೇಲೆ, ಹೊಸದಾಗಿ ಬಂದ ವಿಂಡೋಸಿನ ಹೆಸರೂ ಪಟ್ಟಿಗೆ ಸೇರಿತು. (2021ರ ಗ್ರಬ್ 2.06ರಿಂದೀಚೆಗೆ ಪಕ್ಕದವರನ್ನು ಹುಡುಕುವ ಅಭ್ಯಾಸವನ್ನು ಮುಚ್ಚಿಟ್ಟಿದ್ದಾರೆ. ವಿಂಡೋಸ್ ಕಾಣದಿದ್ದರೆ ಅದನ್ನು ತೆರೆಯಬೇಕು.) ನಕಲು ಮಾಡಿದ ಹೊತ್ತು ಬಿಟ್ಟರೆ ಅನ್ನಕ್ಕಿಟ್ಟು ಇಳಿಸುವಷ್ಟು ಸಮಯ.

ಹೊಸ ಯಂತ್ರಗಳಲ್ಲಿ ಈ ಜಗಲಿಯ ಜಗಳವಿಲ್ಲ. ಯುಇಎಫ್‌ಐ ಎಂಬ ವ್ಯವಸ್ಥೆಯಲ್ಲಿ ಎರಡೂ ಸಂಸಾರಕ್ಕೆ ಬೇರೆ ಬೇರೆ ಕೀಲಿ ಇರುತ್ತದೆ. ಎಷ್ಟೋ ಸಲ ಸೆಟಪ್ಪಿಗೆ ಹೋಗಿ ಲಿನಕ್ಸಿನ ಹೆಸರನ್ನು ಮೇಲಕ್ಕೆ ತಂದರೆ ಮುಗಿಯಿತು. ಹಾಗೆಂದು ನಿಶ್ಚಿಂತೆಯೇನಲ್ಲ. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಒಂದು ಸುರಕ್ಷತಾ ಅಪ್‌ಡೇಟ್ ಬಂದು, ಸೆಕ್ಯೂರ್ ಬೂಟ್ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದಾಯಿತು. ಎರಡೂ ಇರುವಲ್ಲಿಗೆ ಅದು ತಟ್ಟುವುದಿಲ್ಲವೆಂದು ಅವರೇ ಹೇಳಿದ್ದರು. ಆಗಲೂ ಕಡತಗಳಿಗೆ ಏನೂ ಆಗಿರಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಲಿನಕ್ಸ್ ಏಳುತ್ತಿತ್ತು. ಬಿಟ್‌ಲಾಕರ್ ಬೀಗ ಹಾಕಿದ್ದವರು ಮಾತ್ರ ಅದಕ್ಕೆ ಕೈಹಚ್ಚುವ ಮೊದಲು ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು.

ಅಂಗಡಿ ಹುಡುಗನ ಕಷ್ಟ ನನಗೆ ಅರ್ಥವಾಗದೇ ಇಲ್ಲ. ಫಾರ್ಮ್ಯಾಟಿಗೆ ಗೊತ್ತಾದ ರೇಟಿದೆ, ಹುಡುಕಿ ನೋಡಿದ್ದಕ್ಕೆ ನಾವು ಯಾರು ದುಡ್ಡು ಕೊಡುತ್ತೇವೆ? ಕೊಡೋಣ. ಆದರೆ ಅಳಿಸುವ ಮುಂಚೆ “ಒಳಗೇನಿದೆ?” ಎಂದು ಕೇಳಲಿ, ಯಂತ್ರ ಯಾರದೋ ಅವರನ್ನೇ ಕೇಳಲಿ. ಈಗ ನಾನು ಯಾವುದೇ ಯಂತ್ರವನ್ನು ರಿಪೇರಿಗೆ ಕೊಡುವಾಗ “ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು” ಎಂದು ಚೀಟಿ ಬರೆದು, ಫೋನ್ ನಂಬರು ಹಾಕಿ, ಅಂಟಿಸಿಯೇ ಕೊಡುವುದು. ನಗುವವರು ನಗಲಿ.

ಮೊನ್ನೆ ಪ್ರಿಂಟರಿನ ಇಂಕಿಗೆಂದು ಅದೇ ಅಂಗಡಿಗೆ ಹೋಗಿದ್ದೆ. ಲಿನಕ್ಸ್ ಬಂತು, ಹಾಡೆಲ್ಲ ಸಿಕ್ಕಿತು ಎಂದೆ. ಹುಡುಗನ ಮುಖ ಅರಳಿತು.

“ಹೌದಾ ಆಂಟಿ? ಅಂಕಲ್ ಸರಿ ಮಾಡಿದ್ರಾ?”