ಕೆಳಗಿಳಿಯುವ ಭಯವೂ ಬೇಕು

ಐಎಸ್‌ಎಲ್‌ ಫುಟ್‌ಬಾಲ್‌ನಲ್ಲಿ ಕೊನೆಗೆ ಬಿದ್ದ ತಂಡವನ್ನು ಕೆಳಗಿನ ಲೀಗ್‌ಗೆ ತಳ್ಳದಿದ್ದರೇ ಅಭಿಮಾನಿಗಳಿಗೆ ನೆಮ್ಮದಿ ಎಂಬ ವಾದ ಒಪ್ಪುವಂಥದ್ದಲ್ಲ. 2023–24ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ 12 ತಂಡಗಳಲ್ಲಿ 10ನೆಯದಾಯಿತು. ಹಿಂಬಡ್ತಿಯ ಭಯವಿದ್ದಿದ್ದರೆ ಕೊನೆಯ ಪಂದ್ಯಗಳನ್ನು ಉಗುರು ಕಚ್ಚುತ್ತ ನೋಡುತ್ತಿದ್ದೆವು. ಇಲ್ಲದ್ದರಿಂದ ಅವು ಲೆಕ್ಕಭರ್ತಿಯ ಆಟಗಳಾದವು. ಆ ವಾದ ಹೇಳುವ ನೆಮ್ಮದಿಗೆ ನಿರಾಸಕ್ತಿ ಎನ್ನುವುದೇ ಸರಿ.

ಮರುವರ್ಷವೇ ತಂಡ ಫೈನಲ್‌ ತಲುಪಿತಲ್ಲ ಎನ್ನಬಹುದು. ಅದು ಆಟಗಾರರ ಬೆವರು, ನಿಯಮದ ಕೃಪೆಯಲ್ಲ. ಐ-ಲೀಗ್‌ ಗೆದ್ದ ಪಂಜಾಬ್‌ ಎಫ್‌ಸಿ, ಮೊಹಮ್ಮಡನ್‌ ಸ್ಪೋರ್ಟಿಂಗ್‌ ಮೇಲೇರಿ ಬಂದಿವೆ. ಹತ್ತಲು ಮೆಟ್ಟಿಲಿದ್ದ ಮೇಲೆ ಇಳಿಯಲೂ ಇರಬೇಕು. ಲೀಗ್‌ಗೆ ಹಣ ಕಟ್ಟಿದ ಮಾತ್ರಕ್ಕೆ ಕ್ಲಬ್ಬುಗಳ ಸ್ಥಾನ ಏಕೆ ಶಾಶ್ವತವಾಗಬೇಕು?