ಅಳಿಯಲೊಲ್ಲದ ಫೈಲುಗಳು

ಹೊಸ ಸಾಮಾನನ್ನು ಮನೆಗೆ ತರುವುದಕ್ಕಿಂತ ಹಳೆಯದನ್ನು ಹೊರಹಾಕುವುದೇ ಕಷ್ಟವೆಂಬುದು ಗೃಹಸ್ಥರೆಲ್ಲರ ಅನುಭವಕ್ಕೆ ಬಂದ ವಿಷಯವಷ್ಟೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೂ ಇದೇ ಸಂಕಟವುಂಟು. ಲಿನಕ್ಸ್ ವ್ಯವಸ್ಥೆಯನ್ನು ಇಟ್ಟುಕೊಂಡಿರುವವರು ಬೇಡವಾದ ಫೈಲೊಂದನ್ನು ಅಳಿಸಹೋದಾಗ, ‘ಅನುಮತಿ ಇಲ್ಲ’ ಎಂಬ ಉತ್ತರವು ಬರುವುದುಂಟು. ಹಣ ಕೊಟ್ಟು ಯಂತ್ರವನ್ನು ಕೊಂಡವರು ನಾವು. ನಮಗೇ ಅನುಮತಿ ಇಲ್ಲವೆಂದರೇನು? ಈ ಪ್ರಶ್ನೆಯನ್ನು ನಾವು ಒಮ್ಮೆ ಕೋಪದಿಂದ ಕೇಳಿ, ಆ ಕೋಪಕ್ಕೆ ತಕ್ಕ ದಂಡವನ್ನೂ ತೆತ್ತಿದ್ದೇವೆ. ವಾಚಕರಿಗೆ ಅಂತಹ ನಷ್ಟವು ಬಾರದಿರಲೆಂದು ಈ ವಿಷಯವನ್ನು ಬರೆಯುತ್ತಿರುವೆವು.

ಮೊದಲು ಕಾರಣವನ್ನು ವಿಚಾರಿಸೋಣ. ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಆರಂಭಿಸಿದರು. ಅದಕ್ಕೆ ಮಾದರಿಯಾದುದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆ. ಆ ಕಾಲದಲ್ಲಿ ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸಬೇಕಾಗಿದ್ದಿತು. ಆದಕಾರಣ ಒಬ್ಬನ ಬರಹವನ್ನು ಮತ್ತೊಬ್ಬನು ಕೆಡಿಸದಂತೆ, ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯನನ್ನು ನೇಮಿಸಿ, ಓದುವ, ಬರೆಯುವ ಹಾಗೂ ನಡೆಯಿಸುವ ಹಕ್ಕುಗಳನ್ನು ಬೇರೆಬೇರೆಯಾಗಿ ಹಂಚಿದರು. ಎಲ್ಲರ ಮೇಲೆ ‘ರೂಟ್’ ಎಂಬ ಸರ್ವಾಧಿಕಾರಿಯನ್ನಿಟ್ಟರು. ಇಂದು ಮನೆಯಲ್ಲಿ ನಾವೊಬ್ಬರೇ ಯಂತ್ರವನ್ನು ಬಳಸುತ್ತಿದ್ದರೂ ಆ ಕಟ್ಟಳೆಯು ಹಾಗೆಯೇ ಉಳಿದಿರುವುದು.

ಇಲ್ಲಿ ಅನೇಕರು ಅರಿಯದ ಒಂದು ಸೂಕ್ಷ್ಮವಿದೆ. ಫೈಲನ್ನು ಅಳಿಸುವ ಹಕ್ಕು ಆ ಫೈಲಿನಲ್ಲಿಲ್ಲ. ಅದನ್ನು ಇಟ್ಟಿರುವ ಫೋಲ್ಡರಿನಲ್ಲಿದೆ. ಫೋಲ್ಡರೆಂಬುದು ವಾಸ್ತವವಾಗಿ ಹೆಸರುಗಳ ಒಂದು ಪಟ್ಟಿ. ಹಿಂದಿನ ಶಾನುಭೋಗರ ಖಾತೆಯಿಂದ ಒಂದು ಹೆಸರನ್ನು ಹೊಡೆದುಹಾಕಬೇಕಾದರೆ ಆ ಪುಸ್ತಕದಲ್ಲಿ ಬರೆಯುವ ಅಧಿಕಾರವಿರಬೇಕಾಗಿತ್ತಲ್ಲವೆ? ಇದೂ ಹಾಗೆಯೇ. ಫೈಲು ನಮ್ಮದಾಗಿದ್ದರೂ ಫೋಲ್ಡರಿನಲ್ಲಿ ಬರೆಯುವ ಹಕ್ಕಿಲ್ಲದಿದ್ದರೆ ಅದು ಅಳಿಯದು.

ಇನ್ನು ನಮ್ಮ ಕಥೆಯನ್ನು ಹೇಳುವೆವು. ಹಳೆಯ ಡಿಸ್ಕಿನಿಂದ ಮನೆಯವರ ಚಿತ್ರಗಳನ್ನು ನಕಲು ಮಾಡುವಾಗ ನಾವು ಅವಸರದಿಂದ ‘ಸುಡೊ’ ಎಂಬ ಆಜ್ಞೆಯ ಮೂಲಕ ರೂಟಿನ ಅಧಿಕಾರವನ್ನು ಎರವಲು ಪಡೆದಿದ್ದೆವು. ಅದರಿಂದಾಗಿ ‘ಚಿತ್ರಗಳು ಹಳೆಯವು’ ಎಂಬ ಆ ನಕಲಿನ ಫೋಲ್ಡರಿಗೆ ರೂಟೇ ಒಡೆಯನಾದನು. ವರ್ಷದ ಮೇಲೆ, ಒಂದೇ ಚಿತ್ರವು ಎರಡೆರಡು ಕಡೆ ಇರುವುದೇಕೆಂದು ಅದನ್ನು ಅಳಿಸಹೊರಟರೆ ಯಂತ್ರವು ಒಪ್ಪಲಿಲ್ಲ. ನಾವು ಸಿಟ್ಟಾಗಿ ಮತ್ತೆ ಸುಡೊವನ್ನೇ ಕರೆದು, ಏನನ್ನೂ ಕೇಳದೆ ಎಲ್ಲವನ್ನೂ ಅಳಿಸೆಂಬ ‘ಆರ್‌ಎಂ’ ಆಜ್ಞೆಯನ್ನು ಕೊಟ್ಟು, ಮುಂದೆ ಫೋಲ್ಡರಿನ ಹೆಸರನ್ನು ಬರೆದೆವು. ಹೆಸರಿನ ನಡುವೆ ಒಂದು ತೆರಪಿದ್ದಿತು. ಯಂತ್ರವು ಅದನ್ನು ‘ಚಿತ್ರಗಳು’, ‘ಹಳೆಯವು’ ಎಂಬ ಎರಡು ಹೆಸರುಗಳೆಂದು ತಿಳಿಯಿತು. ‘ಹಳೆಯವು’ ಎಂಬುದು ಇರಲೇ ಇಲ್ಲ. ‘ಚಿತ್ರಗಳು’ ಎಂಬುದು ನಾವು ನಿತ್ಯವೂ ಬಳಸುತ್ತಿದ್ದ ಫೋಲ್ಡರು. ಅದು ಕ್ಷಣಾರ್ಧದಲ್ಲಿ ಇಲ್ಲವಾಯಿತು. ಹೋಗಬೇಕಾದುದು ಮಾತ್ರ ಇದ್ದಲ್ಲಿಯೇ ಇದ್ದಿತು! ಹಳೆಯ ಚಿತ್ರಗಳು ಅದರಲ್ಲಿ ಉಳಿದುವೆಂಬುದು ದೈವಕೃಪೆ. ಆದರೆ ನಕಲಿನ ತರುವಾಯ ತೆಗೆದವು, ಅಂದರೆ ನಮ್ಮ ಮಾತೋಶ್ರೀಯವರ ಕೊನೆಯ ನಾಲ್ಕು ತಿಂಗಳ ಚಿತ್ರಗಳು, ಮರಳಿ ದೊರೆಯಲಿಲ್ಲ. ಆರ್‌ಎಂ ಅಳಿಸಿದುದು ಕಸದ ಬುಟ್ಟಿಗೆ ಹೋಗುವುದಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಹಾಗಾದರೆ ಮಾಡತಕ್ಕದ್ದೇನು? ಮೊದಲು, ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಅದರ ಗುಣಲಕ್ಷಣಗಳ ಪುಟದಲ್ಲಿ ಒಡೆಯನಾರೆಂಬುದನ್ನು ನೋಡಬೇಕು. ಒಡೆಯನು ರೂಟೆಂದಿದ್ದು, ಅದು ನಿಮ್ಮ ಸ್ವಂತ ಕಡತಗಳ ಫೋಲ್ಡರೇ ಆಗಿದ್ದರೆ, ರೂಟಿನ ಕೈಯಿಂದ ಅಳಿಸಬೇಡಿರಿ. ಒಡೆತನವನ್ನು ಮಾತ್ರ ಬದಲಾಯಿಸಿರಿ. ಅದಕ್ಕೆ ಸುಡೊವಿನೊಡನೆ ‘ಸಿ-ಎಚ್-ಒ-ಡಬ್ಲ್ಯು-ಎನ್’ ಎಂಬ ಆಜ್ಞೆಯಿದೆ. ಅಡ್ಡಗೆರೆಯೊಡನೆ ದೊಡ್ಡಕ್ಷರದ ‘ಆರ್’ ಸೇರಿಸಿದರೆ ಒಳಗಿನ ಫೈಲುಗಳೂ ನಿಮ್ಮವಾಗುವುವು. ಫೋಲ್ಡರಿನ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆಯೇ ಬರೆಯಿರಿ. ಅನಂತರ ಎಂದಿನಂತೆ ಕಸದ ಬುಟ್ಟಿಗೆ ಹಾಕಿರಿ. ಈ ಕ್ರಮದಲ್ಲಿ ಕೈತಪ್ಪಿದರೂ ಬುಟ್ಟಿಯಿಂದ ಎತ್ತಿಕೊಳ್ಳಬಹುದು. ವ್ಯವಸ್ಥೆಗೆ ಸೇರಿದ ಫೋಲ್ಡರುಗಳ ಒಡೆತನವನ್ನಾದರೋ ಎಂದಿಗೂ ಬದಲಾಯಿಸಕೂಡದು.

ಒಡೆತನವು ಸರಿಯಿದ್ದೂ ಫೈಲು ಹೋಗದಿದ್ದರೆ ಬೇರೆ ಮೂರು ಕಾರಣಗಳನ್ನು ಶೋಧಿಸಬೇಕು. ಒಂದು, ಡಿಸ್ಕನ್ನು ಓದುವುದಕ್ಕೆ ಮಾತ್ರ ತೆರೆದಿರಬಹುದು. ಅದೇ ಯಂತ್ರದಲ್ಲಿರುವ ವಿಂಡೋಸನ್ನು ಪೂರ್ಣವಾಗಿ ಮುಚ್ಚದೆ ಬಿಟ್ಟಿದ್ದರೆ ಅದರ ಭಾಗಕ್ಕೆ ಹೀಗಾಗುವುದುಂಟು. ಡಿಸ್ಕಿನಲ್ಲಿ ದೋಷವು ಕಂಡುಬಂದರೂ ಆಗುವುದುಂಟು. ದೋಷವೇ ಆಗಿದ್ದರೆ ಅಳಿಸುವ ಮಾತನ್ನು ಬಿಟ್ಟು, ಬೇಕಾದುದನ್ನು ಮೊದಲು ಬೇರೆಡೆಗೆ ನಕಲು ಮಾಡಿರಿ. ಎರಡು, ಫೈಲಿನ ಮೇಲೆ ‘ಬದಲಾಗದು’ ಎಂಬ ಗುರುತಿರಬಹುದು. ಇದಿದ್ದರೆ ರೂಟಿಗೂ ಅಳಿಸಲಾಗದು. ‘ಎಲ್-ಎಸ್-ಎ-ಟಿ-ಟಿ-ಆರ್’ ಎಂಬ ಆಜ್ಞೆಯಿಂದ ಅದು ತಿಳಿದುಬರುವುದು. ಅದು ಯಾರೋ ಬೇಕೆಂದೇ ಹಾಕಿದ ಬೀಗವಾದುದರಿಂದ, ಹಾಕಿದವರನ್ನು ಕೇಳಿಯೇ ತೆಗೆಯುವುದು ಯುಕ್ತ. ಮೂರು, ಫೈಲಿನ ಹೆಸರೇ ಅಡ್ಡಗೆರೆಯಿಂದ ಮೊದಲಾಗಿದ್ದರೆ ಆರ್‌ಎಂ ಅದನ್ನು ಹೆಸರೆಂದು ತಿಳಿಯದೆ ತನಗೆ ಕೊಟ್ಟ ಸೂಚನೆಯೆಂದು ಭ್ರಮಿಸುವುದು. ಹೆಸರಿನ ಹಿಂದೆ ಒಂದು ಚುಕ್ಕೆಯನ್ನೂ ಓರೆಗೆರೆಯನ್ನೂ ಸೇರಿಸಿದರೆ ಈ ಭ್ರಮೆಯು ತೊಲಗುವುದು.

‘ಅನುಮತಿ ಇಲ್ಲ’ ಎಂಬ ಮಾತು ಯಂತ್ರದ ಉದ್ಧಟತನವಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರನು ‘ಯಾರು?’ ಎಂದು ಕೇಳುವ ಪ್ರಶ್ನೆ ಮಾತ್ರ. ಅವನನ್ನು ನೂಕಿ ಒಳನುಗ್ಗುವುದಕ್ಕಿಂತ ಉತ್ತರ ಹೇಳಿ ಹೋಗುವುದು ಲೇಸು. ಬೇಡದ ಫೈಲು ಇನ್ನೊಂದು ದಿನ ಬಿದ್ದಿದ್ದರೆ ಕೆಡುವುದೇನೂ ಇಲ್ಲ. ಬೇಕಾದುದು ಹೋದರೆ ಮರಳಿ ಬಾರದು. ವಾಚಕರು ಇಂದೇ ಮನೆಯ ಚಿತ್ರಗಳನ್ನು ಮತ್ತೊಂದು ಡಿಸ್ಕಿಗೆ ನಕಲು ಮಾಡಿಟ್ಟು, ಆಮೇಲೆ ಗುಡಿಸುವ ಕೆಲಸಕ್ಕೆ ಕೈಹಾಕಬೇಕೆಂದು ನಮ್ಮ ಬಿನ್ನಹ.