ಕಡಲತಡಿಯ ಒಂಟೆ ಮತ್ತು ಕಳೆದುಹೋದ ಗೋಮಾಳ

ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೂ ಡಿಸೆಂಬರ್-ಜನವರಿ ಎಂದರೆ ನಮ್ಮ ಘಟ್ಟದ ಮೇಲಿನ ಊರುಗಳಿಗೆ ಪ್ರವಾಸದ ಕಾಲ. ಶಾಲಾ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಘಾಟಿ ಇಳಿದು ಕಡಲತೀರದತ್ತ ಸಾಗುತ್ತವೆ. ದೇವಸ್ಥಾನ ನೋಡಿ, ಊಟ ಮುಗಿಸಿ ಮರಳಿಗೆ ಕಾಲಿಟ್ಟರೆ, ಮಲ್ಪೆಯಂಥ ಹೆಸರಾದ ತೀರಗಳಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಸಮುದ್ರದತ್ತ ಅಲ್ಲ, ಬಣ್ಣದ ಬಟ್ಟೆ, ಗೊಂಡೆ, ಗೆಜ್ಜೆ ಕಟ್ಟಿಸಿಕೊಂಡು ನಿಂತ ಒಂಟೆಯತ್ತ. ಹಣ ಕೊಟ್ಟರೆ ಒಂಟೆ ಮೊಣಕಾಲೂರಿ ಕೂರುತ್ತದೆ, ಇಬ್ಬರು ಮೂವರು ಹತ್ತುತ್ತಾರೆ. ಹಗ್ಗ ಹಿಡಿದವನು ಅಲೆಯ ಅಂಚಿನಲ್ಲಿ ಒಂದಿಷ್ಟು ದೂರ ನಡೆಸಿಕೊಂಡು ಹೋಗಿ ಮರಳಿ ತಂದು ಇಳಿಸುತ್ತಾನೆ. ಮುಂದಿನ ಸರದಿಯವರು ಅಷ್ಟರಲ್ಲಿ ಸಿದ್ಧರಾಗಿರುತ್ತಾರೆ.

ಇದರಲ್ಲಿ ಸಂಪಾದಕೀಯ ಬರೆಯುವಂಥದ್ದೇನಿದೆ ಎಂದು ಕೇಳುವವರು ಇರಬಹುದು. ಗಣಿ, ಅಣೆಕಟ್ಟು, ನದಿ ತಿರುವು ಎಂದು ಹೋರಾಡುವ ಪತ್ರಿಕೆಗೆ ಮರುಭೂಮಿಯ ಪ್ರಾಣಿಯ ಗೊಡವೆ ಏಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಬಹುದೂರದ ಈ ಜೀವಿ ನಮ್ಮ ಮಳೆಯ ಕರಾವಳಿಗೆ ಹೇಗೆ ಬಂತು ಎಂದು ಹುಡುಕುತ್ತ ಹೊರಟರೆ ದಾರಿ ನಮ್ಮದೇ ಊರಿನ ಬೇಣ, ಸೊಪ್ಪಿನಬೆಟ್ಟ, ಗೋಮಾಳಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕಾಗಿ ಈ ಬರಹ.

ಮೊದಲು ಪ್ರಾಣಿಯನ್ನೇ ನೋಡೋಣ. ಒಂಟೆಯ ಡುಬ್ಬದಲ್ಲಿ ನೀರಿದೆ ಎಂಬ ಮಾತು ಇನ್ನೂ ತರಗತಿಗಳಲ್ಲಿ ಕೇಳಿಬರುತ್ತದೆ. ಅಲ್ಲಿರುವುದು ಕೊಬ್ಬು. ಮೇವು ಸಿಗದ ಕಾಲಕ್ಕೆ ಕೂಡಿಟ್ಟ ಬುತ್ತಿ ಅದು. ನೀರಿನ ಮಿತವ್ಯಯ ನಡೆಯುವುದು ಬೇರೆಡೆ. ನಾವು ಬಿಸಿಲಿಗೆ ನಿಂತರೆ ಬೆವರು ಸುರಿಸಿ ಮೈಯ ಶಾಖವನ್ನು ಒಂದೇ ಮಟ್ಟದಲ್ಲಿಡುತ್ತೇವೆ. ನೀರಡಿಸಿದ ಒಂಟೆಯಾದರೋ ಬೆಳಗಿನ ಜಾವ ಸುಮಾರು 34 ಡಿಗ್ರಿ ಸೆಲ್ಸಿಯಸ್ ಇರುವ ತನ್ನ ಮೈಶಾಖವನ್ನು ಮಧ್ಯಾಹ್ನದ ಹೊತ್ತಿಗೆ 40-41 ಡಿಗ್ರಿವರೆಗೆ ಏರಗೊಟ್ಟು, ರಾತ್ರಿಯ ತಂಪಿನಲ್ಲಿ ಅದನ್ನು ಹೊರಹಾಕುತ್ತದೆ. ಉಸಿರಿನ ತೇವವನ್ನು ಮೂಗಿನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರ ಗಟ್ಟಿ, ಹಿಕ್ಕೆ ಒಣ. ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಬದುಕುಳಿದು, ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ ನೂರು ಲೀಟರಿನಷ್ಟು ಕುಡಿಯಬಲ್ಲುದು. ಎರಡು ಬೆರಳಿನ ಅಗಲ ಮೆತ್ತೆಪಾದ ಒಣ ಮರಳಿಗೆ ಹೇಳಿ ಮಾಡಿಸಿದ್ದು. ಒದ್ದೆ ಜೇಡಿಯಲ್ಲಿ ಅದೇ ಪಾದ ಜಾರುತ್ತದೆ. ಕುಳಿತಾಗ ಮೈ ಸುಡುನೆಲಕ್ಕೆ ತಾಗದಿರಲೆಂದು ಎದೆಯಡಿಯಲ್ಲಿ ಒಂದು ಜಡ್ಡುಗಟ್ಟಿದ ಗದ್ದಿಗೆಯನ್ನೂ ಪ್ರಕೃತಿ ಕೊಟ್ಟಿದೆ.

ಇಂತಹ ಒಣನಾಡಿನ ಜೀವಿಯನ್ನು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಕಟ್ಟಿದರೆ ಆಗುವುದೇನು? ತೇವದ ಹವೆಯಲ್ಲಿ ಒಂಟೆಗೆ ಕಜ್ಜಿಯ ಕಾಟ ಹೆಚ್ಚು. ಅದಕ್ಕಿಂತ ಕೆಟ್ಟದ್ದು ಸರ್ರಾ ಎಂಬ ರೋಗ. ಮಳೆಗಾಲದಲ್ಲಿ ಏಳುವ ಕುರುಡುನೊಣಗಳು ಒಂದರ ರಕ್ತದಿಂದ ಇನ್ನೊಂದರ ರಕ್ತಕ್ಕೆ ಸಾಗಿಸುವ ಪರೋಪಜೀವಿಯಿಂದ ಇದು ಬರುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಅದನ್ನು ಗುರುತಿಸಿದ್ದು ಅಂದಿನ ಹಿಂದೂಸ್ಥಾನದಲ್ಲಿಯೇ, ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ. ಬಿಟ್ಟು ಬಿಟ್ಟು ಬರುವ ಜ್ವರ, ಸೊರಗುವ ಮೈ, ಕರಗುವ ಡುಬ್ಬ. ಪ್ರವಾಸಿಗೆ ಇದು ಯಾವುದೂ ಕಾಣುವುದಿಲ್ಲ. ಬಣ್ಣದ ಬಟ್ಟೆ ಬಹಳಷ್ಟನ್ನು ಮುಚ್ಚಿಬಿಡುತ್ತದೆ.

ಹಾಗೆಂದು ಒಂಟೆಗೂ ಕಡಲಿಗೂ ಹುಟ್ಟುಹಗೆ ಎಂದು ತಿಳಿದರೆ ತಪ್ಪಾದೀತು. ಗುಜರಾತಿನ ಕಚ್ಛದಲ್ಲಿ ಖರಾಯಿ ಎಂಬ ಒಂಟೆಯ ತಳಿಯೇ ಇದೆ. ಖಾರಾ ಎಂದರೆ ಉಪ್ಪು. ಈ ಒಂಟೆ ಈಜುತ್ತದೆ! ಕಚ್ಛದ ಖಾರಿಗಳನ್ನು ದಾಟಿ, ನಡುಗಡ್ಡೆಗಳಲ್ಲಿ ಬೆಳೆದ ಕಾಂಡ್ಲ ಕಾಡನ್ನು ಮೇಯುತ್ತದೆ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಉಪ್ಪಟಿ ಎಂದು ಕರೆಯುವ ಮರದ ಕುಲದ ಸೊಪ್ಪೇ ಅದರ ಮುಖ್ಯ ಮೇವು. ಮಳೆಗಾಲದಲ್ಲಿ ನಡುಗಡ್ಡೆಯ ತಗ್ಗುಗಳಲ್ಲಿ ಸಿಹಿನೀರು ನಿಲ್ಲುವುದರಿಂದ ಹಿಂಡು ಅಲ್ಲಿಯೇ ಉಳಿಯುವುದುಂಟು. ಉಬ್ಬರ ಇಳಿತದ ಲೆಕ್ಕ ಬಲ್ಲ ಫಕೀರಾಣಿ ಜತ್ ಮತ್ತು ರಬಾರಿ ಸಮುದಾಯದ ಒಂಟೆಗಾರರು ಅವುಗಳ ಜೊತೆಯಲ್ಲಿ ದಾಟುತ್ತಾರೆ. ಒಂಟೆಯನ್ನು ಕಡಲ ಬಳಿ ನಡೆಸುವ ನಿಜವಾದ ಮಾರ್ಗದರ್ಶಿಗಳು ಯಾರೆಂದರೆ ಇವರು.

2015ರಲ್ಲಿ ಖರಾಯಿಗೆ ಪ್ರತ್ಯೇಕ ತಳಿಯೆಂಬ ಅಧಿಕೃತ ಮನ್ನಣೆ ದೊರೆಯಿತು. ಮನ್ನಣೆ ದೊರೆಯುವಷ್ಟರಲ್ಲಿ ಅದರ ಮೇವು ಕರಗುತ್ತಿತ್ತು. ಉಪ್ಪಿನ ಆಗರಗಳಿಗಾಗಿ ಖಾರಿಗಳ ಬಾಯಿಗೆ ಒಡ್ಡು ಹಾಕಿದರೆ ಉಬ್ಬರದ ನೀರು ಒಳಗೆ ಬರುವುದಿಲ್ಲ. ನೀರು ಬಾರದ ಕಾಂಡ್ಲ ಕೊಡಲಿ ತಾಗದೆಯೇ ಒಣಗಿ ಸಾಯುತ್ತದೆ. ಕಂಡ್ಲಾ ಬಂದರಿನ (ಹೆಸರೇ ನಮ್ಮ ಕಾಂಡ್ಲವನ್ನು ನೆನಪಿಸುತ್ತದೆ) ಆಸುಪಾಸಿನಲ್ಲಿ ಹೀಗಾದಾಗ ಕಚ್ಛದ ಒಂಟೆ ಸಾಕುವವರ ಸಂಘಟನೆಯು 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೊರೆಹೊಕ್ಕಿತು. ತಡೆಗಳನ್ನು ತೆಗೆದು ಕಾಂಡ್ಲ ಕಾಡನ್ನು ಪುನಃಸ್ಥಾಪಿಸಬೇಕೆಂದು 2019ರಲ್ಲಿ ತೀರ್ಪು ಬಂತು. ಕುರಿ-ಒಂಟೆ ಕಾಯುವವರು ಅರಣ್ಯದ ಪರವಾಗಿ ವಾದಿಸಿ ಗೆದ್ದ ಈ ಪ್ರಸಂಗವು, ಮೇಯಿಸುವವರೆಂದರೆ ಕಾಡಿನ ಶತ್ರುಗಳು ಎಂದು ಬಗೆದಿರುವ ನಮ್ಮ ಅಧಿಕಾರಿವರ್ಗದ ಗಮನಕ್ಕೆ ಬರಬೇಕಾದದ್ದು.

ಇನ್ನು ಒಂಟೆಯ ತವರೆಂದೇ ಹೆಸರಾದ ರಾಜಸ್ಥಾನದ ಕಥೆ. ಅಲ್ಲಿನ ರಾಯಿಕಾ ಸಮುದಾಯದವರು, ಪಾರ್ವತಿ ಮಣ್ಣಿನಿಂದ ಮಾಡಿದ ಒಂಟೆಯನ್ನು ಕಾಯಲೆಂದೇ ಶಿವನು ತಮ್ಮ ಮೂಲಪುರುಷನನ್ನು ಸೃಷ್ಟಿಸಿದನೆಂದು ನಂಬಿದವರು. ಒಂಟೆಯ ಹಾಲು ಮಾರುವುದು ಅವರಲ್ಲಿ ನಿಷಿದ್ಧವಾಗಿತ್ತು. ಹೆಣ್ಣೊಂಟೆಯನ್ನು ಹೊರಗಿನವರಿಗೆ ಕೊಡುತ್ತಿರಲಿಲ್ಲ. ಗಾಡಿ ಎಳೆಯಲು, ನೇಗಿಲು ಹೂಡಲು ಗಂಡು ಕರುಗಳನ್ನು ಮಾತ್ರ ಪುಷ್ಕರದಂಥ ಜಾತ್ರೆಗಳಲ್ಲಿ ಮಾರಿ ವರ್ಷದ ಖರ್ಚು ತೂಗಿಸುತ್ತಿದ್ದರು. ಟ್ರ್ಯಾಕ್ಟರು ಬಂತು, ಗಂಡು ಒಂಟೆಗೆ ಗಿರಾಕಿ ಇಲ್ಲವಾಯಿತು. ಇಂದಿರಾ ಗಾಂಧಿ ಕಾಲುವೆಯ ನೀರು ಹರಿದಲ್ಲಿ ಹುಲ್ಲುಗಾವಲು ಹೊಲವಾಯಿತು. ಮಳೆಗಾಲದಲ್ಲಿ ಹಿಂಡುಗಳು ತಲೆತಲಾಂತರದಿಂದ ಆಶ್ರಯಿಸಿದ್ದ ಅರಾವಳಿಯ ಕುಂಭಲಗಢ ಕಾಡು ಅಭಯಾರಣ್ಯವಾಗಿ, ಮೇಯಿಸುವ ಹಕ್ಕಿಗಾಗಿ ವರ್ಷಗಟ್ಟಲೆ ಸೆಣಸಬೇಕಾಯಿತು. 1992ರ ಗಣತಿಯಲ್ಲಿ ದೇಶದಲ್ಲಿ ಹತ್ತು ಲಕ್ಷದಷ್ಟಿದ್ದ ಒಂಟೆಗಳು 2012ರಲ್ಲಿ ನಾಲ್ಕು ಲಕ್ಷಕ್ಕೂ, 2019ರಲ್ಲಿ ಎರಡೂವರೆ ಲಕ್ಷಕ್ಕೂ ಇಳಿದವು.

ಸರ್ಕಾರ ಸುಮ್ಮನೆ ಕುಳಿತಿತೆಂದಲ್ಲ. 2014ರಲ್ಲಿ ಒಂಟೆಯನ್ನು ರಾಜ್ಯದ ಪ್ರಾಣಿಯೆಂದು ರಾಜಸ್ಥಾನ ಘೋಷಿಸಿತು. ಮರುವರ್ಷ ವಧೆಯನ್ನು ನಿಷೇಧಿಸಿ, ಅನುಮತಿಯಿಲ್ಲದೆ ರಾಜ್ಯದಾಚೆ ಸಾಗಿಸದಂತೆ ಕಾಯಿದೆ ತಂದಿತು. ಪ್ರಾಣಿಗೆ ಕಾವಲು ಬಂತು, ಮೇವು ಬರಲಿಲ್ಲ. ಕೊಳ್ಳುವವರು ಹಿಂಜರಿದರು, ಬೆಲೆ ಕುಸಿಯಿತು, ಸಾಕುವ ಯುವಕರು ಹೋಟೆಲು, ಕಾರ್ಖಾನೆಗಳ ದಾರಿ ಹಿಡಿದರು. ಒಂದು ಜೀವಿಯನ್ನು ಅದರ ನೆಲದಿಂದಲೂ ಅದನ್ನು ಸಾಕುವವರಿಂದಲೂ ಬೇರ್ಪಡಿಸಿ ಕಾಪಾಡಲು ಹೊರಟರೆ ಹೀಗಾಗುತ್ತದೆ. ದುಡಿಮೆ ಕಳೆದುಕೊಂಡ ಪ್ರಾಣಿಗೆ ಉಳಿದ ಕೆಲವೇ ಉದ್ಯೋಗಗಳಲ್ಲಿ ಮೋಜಿನ ಸವಾರಿಯೂ ಒಂದು. ನಮ್ಮ ಮರಳಿನ ಮೇಲೆ ನಡೆಯುವ ಒಂಟೆಯ ಬೆನ್ನ ಹಿಂದೆ ಮುಚ್ಚಿಹೋದ ಇಷ್ಟೆಲ್ಲ ಹುಲ್ಲುಗಾವಲುಗಳಿವೆ.

ಘಟ್ಟದವರಿಗೆ ಇದು ಪರಿಚಿತ ಕಥೆ ಎನ್ನಿಸುವುದಿಲ್ಲವೇ? ಮೂರಡಿಯ ಆಸುಪಾಸಿನ ನಮ್ಮ ಮಲೆನಾಡು ಗಿಡ್ಡವನ್ನು ರೂಪಿಸಿದ್ದು ಈ ಗುಡ್ಡದ ಏರು, ಈ ಮಳೆ, ಈ ಬೇಣದ ಹುಲ್ಲು. ಅದೂ ಖರಾಯಿಯಂತೆಯೇ ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಅದರ ಮೇವಿನ ನೆಲವನ್ನು ಕಾಗದಪತ್ರಗಳಲ್ಲಿ 'ನಿರುಪಯುಕ್ತ ಭೂಮಿ' ಎಂದು ಬರೆದು ನೀಲಗಿರಿಗೂ ಅಕೇಶಿಯಾಕ್ಕೂ ಒಪ್ಪಿಸಲಾಯಿತು. ಸಾಮಾನ್ಯರ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ವಹಿಸಿದ್ದನ್ನು ವಿರೋಧಿಸಿ 1987ರ ನವೆಂಬರಿನಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವನ್ನು ಹಿರಿಯರು ಮರೆತಿರಲಾರರು. ನೀಲಗಿರಿ ಕಿತ್ತು, ಊರಿಗೆ ಉಪಯೋಗದ ಸಸಿ ನೆಟ್ಟ ಆ ಹೋರಾಟದ ಫಲವಾಗಿ 1991ರಲ್ಲಿ ಕಂಪನಿಯೇ ಮುಚ್ಚಿತು. ಕಚ್ಛದ ಕೆಸರುಬಯಲನ್ನೂ ರಾಜಸ್ಥಾನದ ಹುಲ್ಲುನೆಲವನ್ನೂ ಆಳುವವರು ಕಂಡದ್ದು 'ಬಂಜರು' ಎಂಬ ಅದೇ ಕನ್ನಡಕದಿಂದ. ಮೇಯುವ ಬಾಯಿಗಳ ಲೆಕ್ಕ ಆ ಕಡತಗಳಲ್ಲಿ ಇರುವುದಿಲ್ಲ.

ಹಾಗಾದರೆ ಮಕ್ಕಳು ಒಂಟೆ ಹತ್ತಬೇಕೇ, ಬೇಡವೇ? ನಮ್ಮ ಮಟ್ಟಿಗೆ ಬೇಡ ಎನ್ನುವುದೇ ಸರಿ. ಮಳೆನಾಡಿನ ತೀರದಲ್ಲಿ ಈ ಸವಾರಿ ಇರಬೇಕಾದ ಅಗತ್ಯವೇ ನಮಗೆ ಕಾಣುವುದಿಲ್ಲ. ಆದರೆ ಈ ಮಾತನ್ನು ಹಗ್ಗ ಹಿಡಿದವನ ಮೇಲೆ ಹರಿಹಾಯ್ದು ಹೇಳುವುದು ಸುಲಭದ ಶೌರ್ಯ. ತನ್ನ ಊರು ಬಿಟ್ಟು ಬಂದು ದಿನದ ಗಳಿಕೆಯಲ್ಲಿ ಮೊದಲು ಒಂಟೆಗೆ ಮೇವು ಕೊಂಡು ಆಮೇಲೆ ತಾನು ಉಣ್ಣುವವನು ಅವನು. ಮುಂಬಯಿಯಲ್ಲಿ ಮೋಜಿನ ಕುದುರೆಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ತೀರ್ಪಿತ್ತ ಉಚ್ಚ ನ್ಯಾಯಾಲಯ, ಅವನ್ನು ನಂಬಿದ ಕುಟುಂಬಗಳ ಪುನರ್ವಸತಿಯ ಮಾತನ್ನೂ ಜೊತೆಗೇ ಆಡಿತ್ತು. ಕಚ್ಛದ ಒಂಟೆಹಾಲನ್ನು ಅಮೂಲ್ 2019ರಿಂದ ಮಾರುಕಟ್ಟೆಗೆ ತಂದಿತು. ಹಿಂಡನ್ನು ಹಿಂಡಾಗಿಯೇ, ಅದರ ನೆಲದಲ್ಲಿಯೇ ಉಳಿಸಿಕೊಳ್ಳಲು ಅಂಥ ದಾರಿಗಳು ಬೇಕು. ಹಾಲಿಗೆ ಬೆಲೆ ಬಂದರೂ ಮೇಯಲು ಕಾಂಡ್ಲ ಇರಬೇಕಷ್ಟೆ.

ಸವಾರಿ ನಡೆಯುತ್ತಿರುವಷ್ಟು ದಿನ ಇರುವ ಕಾನೂನಾದರೂ ಪಾಲನೆಯಾಗಬೇಕು. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಷ್ಟು ಹಿಂದೆಯೇ ಕೇಂದ್ರದ ನಿಯಮಗಳಿವೆ. ಒಂಟೆಯ ಮೇಲೆ ಹೇರಬಹುದಾದ ಹೊರೆ 250 ಕಿಲೋ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಶಾಖ 37 ಡಿಗ್ರಿ ಮೀರಿದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಲೇಬಾರದು. ತೀರದ ಗುತ್ತಿಗೆ ಕೊಡುವವರು ನೆರಳು, ಸಿಹಿನೀರು, ಪಶುವೈದ್ಯರ ತಪಾಸಣೆ ಮತ್ತು ಪ್ರಾಣಿಯನ್ನು ಹೊರರಾಜ್ಯದಿಂದ ತಂದ ಅನುಮತಿಪತ್ರವನ್ನು ಷರತ್ತಾಗಿಸಬೇಕು. ಮಳೆಗಾಲದಲ್ಲಂತೂ ಈ ಪ್ರಾಣಿಯನ್ನು ಕರಾವಳಿಯಲ್ಲಿ ಇಟ್ಟುಕೊಳ್ಳಗೊಡಬಾರದು. ಕಾಸರಕೋಡ-ಟೊಂಕಾದಂತಹ ಕಡೆಗಳಲ್ಲಿ ಚಳಿಗಾಲದ ರಾತ್ರಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಪ್ರವಾಸದ ಕಾಲವೂ ಅದೇ. ಅಲ್ಲಿ ಒಂಟೆ ಮಾತ್ರವಲ್ಲ, ಜೀಪುಗಳೂ ಸಲ್ಲವು.

ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟರುಗಳಲ್ಲಿ ನಮ್ಮದೊಂದು ಕೋರಿಕೆ. ಒಂಟೆಯ ಮುಂದೆ ಮಕ್ಕಳನ್ನು ಹತ್ತು ನಿಮಿಷ ನಿಲ್ಲಿಸಿ. ಮೂಗಿನ ಗೂಟದ ಸುತ್ತ ಹುಣ್ಣಿದೆಯೇ, ಜೀನಿನ ಕೆಳಗೆ ಚರ್ಮ ಉಜ್ಜಿಹೋಗಿದೆಯೇ, ಡುಬ್ಬ ನೆಟ್ಟಗಿದೆಯೇ, ಹತ್ತಿರದಲ್ಲಿ ನೀರಿದೆಯೇ ಎಂದು ನೋಡಿ ಬರೆದುಕೊಳ್ಳಲಿ. ಹಗ್ಗ ಹಿಡಿದವರನ್ನು ಅಣ್ಣಾ ಎಂದು ಕರೆದು, ಅವರ ಊರು ಯಾವುದು, ಅಲ್ಲಿ ಮೇಯಿಸಲು ಜಾಗ ಉಳಿದಿದೆಯೇ ಎಂದು ಕೇಳಲಿ. ಹತ್ತುವ ಹಣದಲ್ಲಿ ಒಂದಿಷ್ಟು ಮೇವು ಕೊಂಡು ಕೊಟ್ಟರೆ ಅದಕ್ಕೂ ನಮ್ಮ ಆಕ್ಷೇಪವಿಲ್ಲ.

ಮರಳಿ ಬಂದ ಮೇಲೆ ಮಾಡಬೇಕಾದ ಕೆಲಸವೊಂದಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರು ಗೋಮಾಳ ಮೀಸಲಿರಬೇಕು. ಅಂದರೆ ಸುಮಾರು ಮೂವತ್ತು ಎಕರೆ. ನಿಮ್ಮ ಊರಿನ ಜಾನುವಾರು ಎಷ್ಟು, ಪಹಣಿಯಲ್ಲಿ ಗೋಮಾಳವೆಂದು ಉಳಿದ ಸರ್ವೆ ನಂಬರುಗಳು ಯಾವುವು, ಅವುಗಳಲ್ಲಿ ಈಗ ಹುಲ್ಲಿದೆಯೋ ಅಕೇಶಿಯಾ ಇದೆಯೋ ಬೇಲಿ ಇದೆಯೋ ಎಂದು ವಿದ್ಯಾರ್ಥಿಗಳೇ ಪಟ್ಟಿ ಮಾಡಬಹುದು. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ನಮಗೂ ಕಳುಹಿಸಿಕೊಡಿ.